ಬಿ-ಮೂರರ ಕುದುರೆ

ಹದಿನೇಳನೆಯ ನಡೆಗೆ ನಿಧಾನಪ್ಪ ಆಗಲೇ ಇಪ್ಪತ್ತು ನಿಮಿಷ ನುಂಗಿದ್ದ. ಅವನು ಆಡುತ್ತಿದ್ದ ಊರು ಎಲ್ಲೋ ಸಮುದ್ರದಾಚೆ. ಇಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲಿನ ಚೆಸ್ ಕ್ಲಬ್ಬಿನಲ್ಲಿ, ಹದಿಮೂರು ಜನ ಅವನ ಪರವಾಗಿ ಬೆವರುತ್ತಿದ್ದರು. ನಿಧಾನಪ್ಪ ಅನ್ನುವುದು ಅವರೇ ಇಟ್ಟ ಹೆಸರು. ಜಗತ್ತಿನ ಹತ್ತು ದೊಡ್ಡ ಆಟಗಾರರು ಸೇರಿದ್ದ ಆ ಪಂದ್ಯಾವಳಿಯಲ್ಲಿ ವಯಸ್ಸಿನಲ್ಲಿ ಅವನೇ ಹಿರಿಯ. ಐದು ಸುತ್ತಿನಲ್ಲಿ ಐದೂ ಡ್ರಾ. ಗೆಲ್ಲುವ ಆಸೆಯಿಲ್ಲ, ಸೋಲುವ ಧೈರ್ಯವೂ ಇಲ್ಲ ಎಂದು ಅವರಲ್ಲೊಬ್ಬನಾದ ಟೈಲರ್ ಅವನನ್ನು ಬೈಯುತ್ತಿದ್ದ. ಬೈಯುತ್ತಲೇ ದಿನಾ ಮಧ್ಯಾಹ್ನ ಅಂಗಡಿಗೆ ಬೀಗ ಜಡಿದು ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವನೂ ಅವನೇ.

ಕ್ಲಬ್ಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಆಟ ಮುಗಿಯುವವರೆಗೆ ಮೊಬೈಲುಗಳೆಲ್ಲ ಬಾಗಿಲ ಪಕ್ಕದ ಬಿಸ್ಕತ್ತಿನ ಡಬ್ಬಿಯೊಳಗೆ. ಮೊಬೈಲು ತೆರೆದರೆ ಯಾರು ಮುಂದಿದ್ದಾರೆ, ಯಾವ ನಡೆ ಸರಿ ಎಂದು ಕಂಪ್ಯೂಟರು ಒದರಿಬಿಡುತ್ತದೆ. "ಹಿಂದಿನ ಪುಟದಲ್ಲಿ ಉತ್ತರ ನೋಡ್ಕೊಂಡು ಲೆಕ್ಕ ಮಾಡೋದಾ?" ಎಂದು ನಿವೃತ್ತ ಗಣಿತದ ಮೇಷ್ಟ್ರು ಗುಡುಗಿದ ದಿನದಿಂದ ಆ ಡಬ್ಬಿ ಅಲ್ಲಿತ್ತು. ನಡೆಗಳು ಒಳಗೆ ಬರಲು ಇದ್ದದ್ದು ಒಂದೇ ದಾರಿ. ಹಜಾರದ ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬರು ಕಂಪ್ಯೂಟರಿನ ಮುಂದೆ ಕೂತು, ಅಲ್ಲಿ ಕಾಯಿ ಸರಿದ ತಕ್ಷಣ ಆ ನಡೆಯನ್ನು ಚೀಟಿಯಲ್ಲಿ ಬರೆದು ಗೋಡೆಯ ಕಿಂಡಿಯಿಂದ ಆಚೆ ಕೊಡಬೇಕು. ಆಚೆ ನಿಂತವರು ಅದನ್ನು ಮನಸ್ಸಿನಲ್ಲೇ ಓದಿಕೊಂಡು, ಗೋಡೆಯ ಮೇಲಿನ ಆಳೆತ್ತರದ ಹಲಗೆಯಲ್ಲಿ ಉದ್ದನೆಯ ಕೊಕ್ಕೆಕೋಲಿನಿಂದ ಕಾಯಿ ಸರಿಸಿ, ಚೀಟಿಯನ್ನು ಮೊಳೆಗೆ ಚುಚ್ಚಬೇಕು. ಬಾಯಿ ಬಿಡುವಂತಿಲ್ಲ. ಕೊಕ್ಕೆ ಯಾವ ಕಾಯಿಯ ಕಡೆಗೆ ಏರುತ್ತದೆ ಎಂದು ಎಲ್ಲರೂ ಕತ್ತು ಚಾಚಿ ನೋಡುವ ಆ ಅರ್ಧ ನಿಮಿಷಕ್ಕಾಗಿಯೇ ಅವರೆಲ್ಲ ಮೆಟ್ಟಿಲು ಹತ್ತಿ ಬರುತ್ತಿದ್ದದ್ದು.

ಕೋಲು ಹಿಡಿಯುತ್ತಿದ್ದವರು ಟೈಮ್ ಸಾರ್. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿದ್ದವರು. ನೂರಾನಲವತ್ತು ಬಸ್ಸುಗಳು ಹೋಗುವ ಬರುವ ಹೊತ್ತು ಅವರ ನಾಲಿಗೆಯ ತುದಿಯಲ್ಲಿತ್ತು. ಚೀಟಿ ಬರೆಯುತ್ತಿದ್ದವಳು ಅವರ ಹೆಂಡತಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳಾದ್ದರಿಂದ ಕ್ಲಬ್ಬಿಗೆಲ್ಲ ಎಕ್ಸ್‌ಚೇಂಜ್ ಅಕ್ಕ. ಅಷ್ಟು ವರ್ಷದಲ್ಲಿ ಒಬ್ಬರಿಗೂ ತಪ್ಪು ನಂಬರು ಕೊಟ್ಟವಳಲ್ಲ ಎನ್ನುವುದು ಆಕೆಯ ಒಂದೇ ಒಂದು ಜಂಬ. ಬೇರೆ ಜಂಬಗಳಿಗೆ ಆಕೆಗೆ ಪುರಸೊತ್ತು ಸಿಕ್ಕಿರಲಿಲ್ಲ.

ಟೈಮ್ ಸಾರ್ ಮರೆಯತೊಡಗಿ ಎರಡು ವರ್ಷವಾಗಿತ್ತು. ಮೊದಲು ಕನ್ನಡಕ, ಬೀಗದ ಕೈ. ಆಮೇಲೆ ಪಕ್ಕದ ಮನೆಯವರ ಮುಖ. ಹೋದ ಪಂದ್ಯಾವಳಿಯಲ್ಲಿ ಎರಡು ಸಲ ಕಾಯಿಯನ್ನು ತಪ್ಪು ಮನೆಗೆ ಸಿಕ್ಕಿಸಿದ್ದರು. ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ಹಲ್ಲಿನ ಡಾಕ್ಟರು ಆಗ ಮೆತ್ತಗೆ ಹೇಳಿದ್ದರು, "ಸಾರ್, ಇನ್ನೊಂದ್ಸಲ ಹೀಗಾದ್ರೆ ಒಂದು ದೊಡ್ಡ ಸ್ಕ್ರೀನ್ ಹಾಕಿಸ್ಬಿಡೋಣ. ನೀವೂ ಆರಾಮಾಗಿ ಕೂತ್ಕೊಂಡು ನೋಡ್ಬಹುದು." ಟೈಮ್ ಸಾರ್ ಅಲ್ಲಿ ನಕ್ಕರು. ಮನೆಗೆ ಬಂದು ಎರಡು ದಿನ ಗೋಡೆ ಕಡೆ ತಿರುಗಿ ಮಲಗಿದರು. ತಲೆಯ ಡಾಕ್ಟರು ಅಕ್ಕನಿಗೆ ಬೇರೆ ಹೇಳಿದ್ದರು: ಅವರು ಇನ್ನೂ ಏನು ಮಾಡುತ್ತಿದ್ದಾರೋ ಅದನ್ನು ಬಿಡಿಸಬೇಡಿ, ಒಮ್ಮೆ ಕೆಳಗಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳಲು ಅವರಿಂದ ಆಗುವುದಿಲ್ಲ. ಅವರ ಕೈಯಲ್ಲಿ ಉಳಿದಿದ್ದದ್ದು ಆ ಕೋಲು ಒಂದೇ. ಆದ್ದರಿಂದ ಈ ಸಲ ಚೀಟಿ ಬರೆಯುವ ಕೆಲಸವನ್ನು ಆಕೆ ತಾನಾಗಿ ಕೇಳಿ ಪಡೆದಿದ್ದಳು.

ಆಕೆಯ ಉಪಾಯ ಸರಳವಾಗಿತ್ತು. ಹಲಗೆಯ ಎಡಕ್ಕೆ ಕಿಟಕಿ, ಬಲಕ್ಕೆ ಬಾಗಿಲು. ಎಡದಿಂದ ಬಲಕ್ಕೆ ಎ, ಬಿ, ಸಿ ಎಂದು ಹೆಸರಿಟ್ಟ ಸಾಲುಗಳಲ್ಲಿ ಯಾವುದು ಎಲ್ಲಿದೆ ಎನ್ನುವುದು ಗಂಡನಿಗೆ ಈಗೀಗ ಕಲಸಿಹೋಗುತ್ತಿತ್ತು. ಕಿಟಕಿ ಬಾಗಿಲು ಇನ್ನೂ ಕಲಸಿರಲಿಲ್ಲ. ಒಂದೇ ಮನೆಗೆ ಎರಡು ಕಾಯಿ ಹೋಗಬಹುದಾದ ಕಡೆಯಲ್ಲೆಲ್ಲ ಚೀಟಿಯ ಕೆಳಗೆ ಸಣ್ಣದಾಗಿ ಬರೆಯುತ್ತಿದ್ದಳು: ಕಿಟಕಿ, ಅಥವಾ ಬಾಗಿಲು. ಐದು ದಿನ ಸುಸೂತ್ರವಾಗಿ ನಡೆದಿತ್ತು.

ಆರನೆಯ ದಿನ ಬೆಳಗಿನ ಜಾವ ನಾಲ್ಕೂವರೆಗೇ ಟೈಮ್ ಸಾರ್ ಇಸ್ತ್ರಿ ಅಂಗಿ ತೊಟ್ಟು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದರು. ಮೊದಲ ಬಸ್ಸು ಹೊರಡುತ್ತಿದೆ, ಬೀಗದ ಕೈ ಕೊಡು ಎಂದು ಹಠ. ರಿಟೈರಾಗಿ ಒಂಬತ್ತು ವರ್ಷವಾಯಿತು ಎಂದು ಅವರಿಗೆ ತಿಳಿಸಿ ಹೇಳುವ ಹೊತ್ತಿಗೆ ಏಳು ಗಂಟೆ. ಆಮೇಲೆ ಅಡುಗೆ, ಬಟ್ಟೆ, ಅವರ ಸ್ನಾನ, ಮಾತ್ರೆ. ಎರಡು ಗಂಟೆಗೆ ಕಂಪ್ಯೂಟರಿನ ಮುಂದೆ ಕೂತಾಗ ಆಕೆಯ ಕಣ್ಣಿಗೆ ಮರಳು ಹೊಯ್ದ ಹಾಗಿತ್ತು. ದಣಿವು ಎಂದರೆ ಆಕೆಗೆ ಈಗ ಬರೀ ಮೈಯದ್ದಾಗಿ ಉಳಿದಿರಲಿಲ್ಲ, ಹೋದಲ್ಲೆಲ್ಲ ಜೊತೆಗೆ ಬರುವ ನೆಂಟನಾಗಿತ್ತು.

ಕೊನೆಗೂ ನಿಧಾನಪ್ಪ ಕೈ ಎತ್ತಿದ. ಅವನ ಬಿಳಿಯ ಕಾಯಿಗಳಲ್ಲಿ ಎರಡು ಕುದುರೆಗಳಿದ್ದವು: ಕಿಟಕಿಯ ಕಡೆ ಬಿ-ಮೂರರಲ್ಲಿ ಒಂದು, ಬಾಗಿಲ ಕಡೆ ಎಫ್-ಮೂರರಲ್ಲಿ ಇನ್ನೊಂದು. ಎರಡೂ ನಡುವಿನ ಡಿ-ನಾಲ್ಕಕ್ಕೆ ಜಿಗಿಯಬಹುದು. ಅವನು ಎತ್ತಿದ್ದು ಬಿ-ಮೂರರದ್ದು. ಆಕೆ ಹಾಗೇ ಬರೆದಳು: ಬಿ-ಮೂರರ ಕುದುರೆ ಡಿ-ನಾಲ್ಕಕ್ಕೆ. ಬರೆದು ಕಿಂಡಿಯಿಂದ ಕೊಟ್ಟು, ಅಂಗೈಯಿಂದ ಕಣ್ಣೊತ್ತಿಕೊಂಡಳು. ಕಣ್ಣು ತೆರೆದಾಗ ಕೊಕ್ಕೆ ಬಾಗಿಲ ಕಡೆಯ ಕುದುರೆಯನ್ನು ಎತ್ತಿ ಡಿ-ನಾಲ್ಕರಲ್ಲಿ ತೂಗುಹಾಕುತ್ತಿತ್ತು. ಚೀಟಿಯಲ್ಲಿ 'ಕಿಟಕಿ' ಎಂದು ಬರೆದಿರಲಿಲ್ಲ ಎನ್ನುವುದು ಆಗ ನೆನಪಾಯಿತು.

"ರೀ..." ಎಂದು ಕರೆಯಲು ಆಕೆ ಕಿಂಡಿಗೆ ಬಾಗಿದಳು. ಅಷ್ಟರಲ್ಲಿ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟಿದ್ದರು.

"ಅಯ್ಯಯ್ಯೋ, ಇದೇನ್ರೀ ಇದು! ರಾಜನ ಕಾವಲಿಗಿದ್ದ ಕುದುರೇನೇ ಎತ್ಕೊಂಡು ಹೋದನಲ್ಲ!"

"ನಿಧಾನಪ್ಪನಿಗೆ ತಲೆ ಕೆಟ್ಟಿದೆ," ಎಂದ ಟೈಲರ್.

"ಕೆಟ್ಟಿಲ್ಲ, ಈಗ ಸರಿಯಾಗಿದೆ! ನೋಡಿ, ನೋಡಿ, ಮಂತ್ರಿಗೆ ದಾರಿ ಬಿಟ್ಟ!" ಎಂದರು ಮೇಷ್ಟ್ರು.

ಹಜಾರ ಜೇನುಗೂಡಾಯಿತು. ಎಫ್-ಮೂರು ಖಾಲಿಯಾದದ್ದರಿಂದ ಬಿಳಿಯ ಮಂತ್ರಿ ಓರೆಯಾಗಿ ಹಲಗೆಯ ಆ ತುದಿಗೆ ಹಾರಬಹುದಿತ್ತು. ಒಂಟೆಯನ್ನು ಬಲಿಕೊಟ್ಟು, ಮಂತ್ರಿಯನ್ನು ನುಗ್ಗಿಸಿ, ಆರು ನಡೆಯಲ್ಲಿ ಕಪ್ಪು ರಾಜನನ್ನು ಬಯಲಿಗೆ ಎಳೆಯಬಹುದು ಎಂದು ಮೇಷ್ಟ್ರು. ಸಾಧ್ಯವಿಲ್ಲ, ಅಷ್ಟರಲ್ಲಿ ಇವನ ಮನೆಗೇ ಬೆಂಕಿ ಬೀಳುತ್ತದೆ ಎಂದು ಟೈಲರ್. ಐದು ದಿನ ಡ್ರಾ ನೋಡಿ ಆಕಳಿಸುತ್ತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡತೊಡಗಿದರು. ಅತ್ತ ಎದುರಾಳಿಯೂ ತಲೆಗೆ ಕೈಕೊಟ್ಟು ಯೋಚನೆಗೆ ಬಿದ್ದಿದ್ದ.

"ಟೈಮ್ ಸಾರ್, ನೀವು ಹೇಳಿ, ಒಂಟೆ ಹೊಡೆದ್ರೆ ಏನಾಗುತ್ತೆ?" ಯಾರೋ ಕೇಳಿದರು.

ಟೈಮ್ ಸಾರ್ ಹಲಗೆಯ ಕಡೆ ತಿರುಗಿದರು. ಕೋಲನ್ನು ಕಾಯಿಗೆ ತಾಗಿಸದೆ ಗಾಳಿಯಲ್ಲೇ ಓಡಿಸುತ್ತ, "ಒಂಟೆ ಹೋಯ್ತು. ರಾಜ ತಿಂದ. ಮಂತ್ರಿ ಇಲ್ಲಿಗೆ, ಶಹ. ರಾಜ ಹಿಂದೆ. ಈಗ ಈ ಕುದುರೆ ಇದೆಯಲ್ಲ, ಡಿ-ನಾಲ್ಕರದ್ದು, ಇದು ಬರೋಕೆ ಎರಡು ನಡೆ ಬೇಕು. ಅಷ್ಟು ಟೈಮ್ ಇದೆಯಾ? ಬಸ್ಸು ಹೊರಡೋಕ್ಮುಂಚೆ ಡ್ರೈವರ್ ಹತ್ತಬೇಕಲ್ಲ ಸ್ವಾಮಿ!" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಟೈಮ್ ಸಾರ್ ತಾವೂ ನಕ್ಕರು. ಬೆಳಿಗ್ಗೆ ಬೀಗದ ಕೈಗಾಗಿ ಹಠ ಹಿಡಿದವರು ಇವರೇ ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಕಿಂಡಿಯ ಹಿಂದೆ ಅಕ್ಕ ಬಾಗಿದವಳು ಬಾಗಿದ ಹಾಗೇ ನಿಂತಿದ್ದಳು. ಗಂಡ ಇಷ್ಟು ಉದ್ದದ ಮಾತನ್ನು ದಾರಿ ತಪ್ಪದೆ ಆಡಿ ಎಷ್ಟು ತಿಂಗಳಾಯಿತೋ. ಈಗ ಬಾಯಿ ಬಿಟ್ಟರೆ ಆ ನಗು ಅಲ್ಲೇ ಸಾಯುತ್ತದೆ, ನಾಳೆ ಗೋಡೆಗೆ ಸ್ಕ್ರೀನ್ ಬರುತ್ತದೆ. ಆಕೆ ಕರೆಯಲಿಲ್ಲ. ಕುರ್ಚಿಯಲ್ಲಿ ಕೂತು, ಪರದೆಯ ಮೇಲಿನ ನಿಜವಾದ ಆಟವನ್ನೂ ಗೋಡೆಯ ಮೇಲಿನ ಸುಳ್ಳು ಆಟವನ್ನೂ ಒಂದಾದಮೇಲೊಂದು ನೋಡಿದಳು.

ಒಂದು ದಾರಿ ಇತ್ತು. ಇ-ಆರರಲ್ಲಿದ್ದ ಕಪ್ಪು ಕುದುರೆ ಡಿ-ನಾಲ್ಕರ ಕುದುರೆಯನ್ನು ಹೊಡೆದರೆ, ನಿಧಾನಪ್ಪ ತನ್ನ ಇನ್ನೊಂದು ಕುದುರೆಯಿಂದ ತಿರುಗಿ ಹೊಡೆಯುತ್ತಾನೆ. ಇಲ್ಲಿಯೂ ಹಾಗೆಯೇ ಆಗುತ್ತದೆ. ಮೊದಲು ಹೋದದ್ದು ಯಾವುದು, ಆಮೇಲೆ ಹೋದದ್ದು ಯಾವುದು ಎಂಬ ಲೆಕ್ಕವೇ ಅಳಿಸಿಹೋಗಿ, ಎರಡು ಹಲಗೆಗಳೂ ಒಂದೇ ಆಗಿಬಿಡುತ್ತವೆ. ತಪ್ಪು ತಾನಾಗಿ ತೊಳೆದುಹೋಗುತ್ತದೆ. 'ಹೊಡಿಯೋ ತಂದೆ,' ಎಂದಳು ಆಕೆ ಎಂದೂ ಕಂಡಿರದ ಆ ಹುಡುಗಪ್ರಾಯದ ಎದುರಾಳಿಗೆ. 'ನಿಂಗೆ ಕೈ ಮುಗೀತೀನಿ, ಆ ಕುದುರೇನ ಹೊಡಿ.'

ಹುಡುಗ ನಲವತ್ತು ನಿಮಿಷ ಕೂತ. ಮಧ್ಯೆ ಎದ್ದು ಹೋಗಿ ನೀರು ಕುಡಿದು ಬಂದ. ಹಲ್ಲಿನ ಡಾಕ್ಟರು ಎರಡು ಸಲ ಕಿಂಡಿಯ ಹತ್ತಿರ ಬಂದು, "ಅಕ್ಕ, ಇನ್ನೂ ಆಡಿಲ್ವಾ?" ಎಂದು ಕೇಳಿದರು. ಎರಡು ಸಲವೂ ಆಕೆ ಪರದೆಗೆ ಮೈ ಅಡ್ಡ ಮಾಡಿ, "ಇಲ್ಲ" ಎಂದಳು. ಅಷ್ಟು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ.

ಹುಡುಗ ಕುದುರೆಯನ್ನು ಹೊಡೆಯಲಿಲ್ಲ. ಅವನ ಕೈ ದೂರದ ಒಂಟೆಯ ಮೇಲೆ ಹೋಯಿತು. ಒಂಟೆ ಉದ್ದಕ್ಕೂ ಓರೆಯಾಗಿ ಜಾರಿ ಎಫ್-ಮೂರರಲ್ಲಿದ್ದ ಕುದುರೆಯನ್ನು ಹೊಡೆಯಿತು. ಕ್ಲಬ್ಬಿನ ಹಲಗೆಯಲ್ಲಿ ನಲವತ್ತು ನಿಮಿಷದಿಂದ ಎಫ್-ಮೂರು ಖಾಲಿ ಬಿದ್ದಿತ್ತು.

ಆಕೆ ಪೆನ್ನು ಎತ್ತಿಕೊಂಡಳು. ಬೇರೆ ಯಾವುದಾದರೂ ನಡೆ ಬರೆದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಬೆರಳುಗಳು ಒಪ್ಪಲಿಲ್ಲ, ಇಪ್ಪತ್ತೆಂಟು ವರ್ಷದ ಅಭ್ಯಾಸ. ಪೆನ್ನು ಕೆಳಗಿಟ್ಟು, ಆಟದ ಮಧ್ಯೆ ಎಂದೂ ದಾಟದ ಹೊಸ್ತಿಲು ದಾಟಿ ಹಜಾರಕ್ಕೆ ಬಂದಳು. ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು.

"ತಪ್ಪಾಗೋಯ್ತು," ಎಂದಳು. "ಹಿಂದಿನ ಚೀಟಿ ನಾನು ತಪ್ಪು ಬರೆದೆ. ಅವನು ಆಡಿದ್ದು ಬಿ-ಮೂರರ ಕುದುರೆ. ಎಫ್-ಮೂರರದ್ದು ಅಲ್ಲೇ ಇತ್ತು. ಈಗ ಕಪ್ಪು ಅದನ್ನ ಹೊಡೀತು."

ಮೇಷ್ಟ್ರು ಕುಸಿದು ಕೂತರು. "ಅಂದ್ರೆ ಇಷ್ಟೊತ್ತು ನಾವು ಹೊಡೆದಾಡಿದ್ದು ಯಾವನೂ ಆಡದೇ ಇರೋ ಆಟಕ್ಕಾ?"

"ಆಡಿದ್ದಿದ್ರೆ ಚೆನ್ನಾಗಿರ್ತಿತ್ತು," ಎಂದ ಟೈಲರ್.

ಟೈಮ್ ಸಾರ್ ಕೋಲು ಹಿಡಿದು ಹೆಂಡತಿಯನ್ನೇ ನೋಡುತ್ತಿದ್ದರು. ಮುಖಕ್ಕೆ ರಕ್ತ ಏರುವುದು ಎಲ್ಲರಿಗೂ ಕಂಡಿತು.

"ಏನೇ ಇದು? ಇಷ್ಟು ಜನ ಕೆಲಸ ಬಿಟ್ಟು ಬಂದು ಕೂತಿದ್ದಾರೆ, ಒಂದು ಅಕ್ಷರ ನೆಟ್ಟಗೆ ಬರೆಯೋಕಾಗಲ್ವಾ ನಿಂಗೆ? ಎಕ್ಸ್‌ಚೇಂಜಲ್ಲೂ ಹೀಗೇ ಕನೆಕ್ಷನ್ ಕೊಡ್ತಿದ್ಯಾ? ಯಾರದ್ದೋ ಮನೆ ಸಾವಿನ ಸುದ್ದಿ ಇನ್ಯಾರದ್ದೋ ಮನೆಗೆ?"

"ಹೋಗ್ಲಿ ಬಿಡಿ ಸಾರ್," ಎಂದರು ಯಾರೋ.

"ಬಿಡೋದೇನು? ನಾಳೆಯಿಂದ ಇವಳು ಆ ಕೋಣೇಲಿ ಕೂರಬಾರ್ದು. ಬೇರೆ ಯಾರಾದ್ರೂ ಕೂತ್ಕೊಳ್ಳಿ. ಈಗಲೇ ಹೇಳಿದ್ದೀನಿ."

ಹಲ್ಲಿನ ಡಾಕ್ಟರು ಅಷ್ಟರಲ್ಲಿ ಮೊಳೆಯ ಹತ್ತಿರ ಹೋಗಿದ್ದರು. ಮೇಲಿನ ಚೀಟಿಯನ್ನು ಬಿಡಿಸಿ ಓದಿದರು: ಬಿ-ಮೂರರ ಕುದುರೆ ಎಂದೇ ಇತ್ತು. ಓದಿ ಅಕ್ಕನ ಕಡೆ ನೋಡಿದರು. ಆಕೆ ಅವರನ್ನು ನೋಡಿದ ನೋಟದಲ್ಲಿ ಏನಿತ್ತೋ, ಡಾಕ್ಟರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. "ಆಯ್ತು ಸಾರ್. ನಾಳೆಯಿಂದ ನಾನೇ ಕೂರ್ತೀನಿ. ಚೀಟಿ ಬೇಡ, ನಡೇನ ಗಟ್ಟಿಯಾಗಿ ಓದ್ತೀನಿ. ಎಲ್ಲಾರ ಕಿವಿಗೂ ಬೀಳ್ಲಿ, ಗೊಂದಲವೇ ಇರಲ್ಲ," ಎಂದರು. ಒಳ್ಳೆಯ ಮನುಷ್ಯ. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡರು.

ಆಟ ಮೂವತ್ತೆಂಟನೆಯ ನಡೆಗೆ ಡ್ರಾ ಆಯಿತು. ನಿಧಾನಪ್ಪ ಎಂದಿನ ನಿಧಾನಪ್ಪನೇ ಆಗಿದ್ದ.

ಬಸ್ಸಿನಲ್ಲಿ ಗಂಡಹೆಂಡತಿ ಒಂದೇ ಸೀಟಿನಲ್ಲಿ ಕೂತು ಬೇರೆ ಬೇರೆ ಕಡೆ ನೋಡಿದರು. ಮನೆಯಲ್ಲಿ ಆಕೆ ತಟ್ಟೆ ಬಡಿಸಿ ಮುಂದಿಟ್ಟಳು. ಅವರು ಉಂಡೆದ್ದರು. ಪಾತ್ರೆ ತೊಳೆಯುವಾಗ ಆಕೆಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಗಂಡ ಬೈದದ್ದಕ್ಕಲ್ಲ, ಕಾಯಿಲೆಯವರ ಬಾಯಿಗೆ ಯಾರು ಬೀಗ ಹಾಕುತ್ತಾರೆ. ಹೆಸರು ಹೋಯಿತಲ್ಲ ಎಂದು. ಹಬೆಯಾಡುವ ಆ ಎಕ್ಸ್‌ಚೇಂಜಿನ ಕೋಣೆಯಲ್ಲಿ ಕಿವಿ ಹುಣ್ಣಾಗುವವರೆಗೆ ಕೂತು ಗಳಿಸಿದ್ದನ್ನು ಹದಿಮೂರು ಜನರ ಮುಂದೆ ತಾನೇ ತನ್ನ ಬಾಯಿಂದ ಮಣ್ಣುಪಾಲು ಮಾಡಿದ್ದಳು. ಹಾಗೆ ಮಾಡಿಯೂ ಏನು ಉಳಿಯಿತು? ಡಾಕ್ಟರು ಗಟ್ಟಿಯಾಗಿ ಓದುತ್ತಾರೆ. ಈ ಮನುಷ್ಯ ತಪ್ಪು ಕಾಯಿಗೆ ಕೊಕ್ಕೆ ಹಾಕಿದರೆ ಆ ಕ್ಷಣವೇ ಇಡೀ ಹಜಾರಕ್ಕೆ ಗೊತ್ತಾಗುತ್ತದೆ. ಆಗಲಿ. ತನ್ನ ಕೈಲಾದದ್ದು ಮುಗಿಯಿತು. ನಾಳೆ ಮಧ್ಯಾಹ್ನ ಅವರನ್ನು ಟೈಲರನ ಜೊತೆ ಕಳಿಸಿ, ಕಿಟಕಿ ಮುಚ್ಚಿ, ನಾಲ್ಕು ಗಂಟೆ ಹೊತ್ತು ಸತ್ತವಳ ಹಾಗೆ ಮಲಗಿಬಿಡಬೇಕು. ಹಾಗೆ ಅಂದುಕೊಂಡದ್ದೇ ಎಷ್ಟೋ ಹಾಯೆನ್ನಿಸಿ, ಮೈ ಹಗುರಾಗಿ, ಅದಕ್ಕೆ ನಾಚಿಕೆಯೂ ಆಯಿತು.

ಮರುದಿನ ಒಂದೂವರೆಗೆ ಟೈಮ್ ಸಾರ್ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು.

"ಹೊರಡಲ್ವಾ?"

"ನಾನ್ಯಾಕೆ? ಬೇಡ ಅಂದ್ರಲ್ಲ ನಿನ್ನೆ, ಎಲ್ಲರೆದುರಿಗೆ."

"ಆ ಕೋಣೇಲಿ ಬೇಡ ಅಂದೆ."

"ಮತ್ತೆಲ್ಲಿ ಕೂರಲಿ?"

ಅವರು ಚಪ್ಪಲಿಯನ್ನು ನೋಡುತ್ತ ನಿಂತೇ ಇದ್ದರು. ಆಕೆ ಹಾಸಿಗೆಯ ಕಡೆ ಒಮ್ಮೆ ನೋಡಿ, ಸೀರೆಯ ಸೆರಗು ಸರಿಮಾಡಿಕೊಂಡು ಹೊರಟಳು.

ಕ್ಲಬ್ಬಿನಲ್ಲಿ ಯಾರೂ ಇನ್ನೂ ಬಂದಿರಲಿಲ್ಲ, ಟೈಲರ್ ಒಬ್ಬನ ಹೊರತು. ಟೈಮ್ ಸಾರ್ ಹಿಂದಿನ ಸಾಲಿನಿಂದ ಒಂದು ಕುರ್ಚಿಯನ್ನು ತಾವೇ ಎತ್ತಿ ತಂದು ಎಲ್ಲಕ್ಕಿಂತ ಮುಂದೆ ಹಾಕಿದರು. ಹಲಗೆಯ ಹತ್ತಿರ ಹೋಗಿ ನಿಂತು ತಿರುಗಿ ನೋಡಿದರು. ಬಂದು ಕುರ್ಚಿಯನ್ನು ಒಂದು ಗೇಣು ಬಲಕ್ಕೆ ಸರಿಸಿದರು. ಮತ್ತೆ ಹೋಗಿ ನಿಂತು ನೋಡಿದರು. "ಇಲ್ಲಿ ಕೂತ್ಕೋ," ಎಂದರು.

"ಏನ್ ಸಾರ್, ಅಕ್ಕನ್ನ ತಪ್ಪು ಮಾಡಿದ ಮಕ್ಕಳ ಥರ ಮುಂದಿನ ಬೆಂಚಿಗೆ ಹಾಕಿದ್ರಲ್ಲ!" ಎಂದ ಟೈಲರ್.

"ನಿದ್ದೆ ಮಾಡಬಾರ್ದು," ಎಂದರು ಟೈಮ್ ಸಾರ್, ಹೆಂಡತಿಗೆ.

ಆಕೆ ಕೂತಳು. ಮರ್ಯಾದೆ ಹೋಗುವುದು ಇನ್ನೂ ಸ್ವಲ್ಪ ಬಾಕಿಯಿತ್ತು ಅಂತ ಕಾಣುತ್ತದೆ ಎಂದುಕೊಂಡಳು. ಬರುಬರುತ್ತ ಕುರ್ಚಿಗಳು ತುಂಬಿದವು. ಬಂದವರೆಲ್ಲ ಆಕೆಯನ್ನು ನೋಡಿ, ನೋಡದವರ ಹಾಗೆ ಹಿಂದೆ ಹೋಗಿ ಕೂತರು. ಡಾಕ್ಟರು ಕೋಣೆ ಸೇರಿದರು. ಇವತ್ತು ನಿಧಾನಪ್ಪನದು ಕಪ್ಪು ಕಾಯಿ.

ಮೊದಲ ನಡೆಗಳು ಸರಾಗವಾಗಿ ಹೋದವು. ಕಿಂಡಿಯಿಂದ ಡಾಕ್ಟರ ದನಿ, ಅದರ ಹಿಂದೆ ಕೊಕ್ಕೆ. ಬೆಚ್ಚನೆಯ ಹಜಾರದಲ್ಲಿ ಆಕೆಯ ರೆಪ್ಪೆಗಳು ಎರಡು ಸಲ ಮುಚ್ಚಿ ತೆರೆದವು. ಮೂರನೆಯ ಸಲ ಮುಚ್ಚುವುದರಲ್ಲಿದ್ದಾಗ ದನಿ ಕೇಳಿತು: "ಬಿಳಿ. ಎ-ಒಂದರ ಆನೆ, ಡಿ-ಒಂದಕ್ಕೆ."

ಬಿಳಿಯ ಎರಡು ಆನೆಗಳೂ ಕೆಳಗಿನ ಸಾಲಿನಲ್ಲೇ ಇದ್ದವು, ಎಡಕ್ಕೊಂದು ಬಲಕ್ಕೊಂದು. ನಡುವಿನ ಡಿ-ಒಂದಕ್ಕೆ ಎರಡೂ ಹೋಗಬಹುದು. ಕೊಕ್ಕೆ ಮೇಲಕ್ಕೆ ಹೋದದ್ದು ಅಲ್ಲೇ ನಿಂತಿತು. ಸ್ವಲ್ಪ ಬಲಕ್ಕೆ ವಾಲಿತು. ಹಿಂದೆ ಯಾರದ್ದೋ ಕುರ್ಚಿ ಕಿರುಗುಟ್ಟಿತು.

ಟೈಮ್ ಸಾರ್ ಕೆಮ್ಮಿದರು. ಕೆಮ್ಮುತ್ತ, ಗಂಟಲು ಸರಿಮಾಡಿಕೊಳ್ಳುವವರ ಹಾಗೆ ಈ ಕಡೆ ಮುಖ ತಿರುಗಿಸಿ, ನೇರವಾಗಿ ಮುಂದಿನ ಕುರ್ಚಿಯನ್ನು ನೋಡಿದರು. ನಿನ್ನೆಯ ಸಿಟ್ಟು ಆ ಕಣ್ಣಲ್ಲಿ ಎಲ್ಲೂ ಇರಲಿಲ್ಲ.

ಆಕೆಯ ನಿದ್ದೆ ಹಾರಿಹೋಯಿತು. ಗದ್ದವನ್ನು ಒಂದಿಷ್ಟೇ ಇಷ್ಟು ಎಡಕ್ಕೆ, ಕಿಟಕಿಯ ಕಡೆಗೆ ಎತ್ತಿದಳು.

ಕೊಕ್ಕೆ ಎಡಗಡೆಯ ಆನೆಯನ್ನು ಎತ್ತಿ ಡಿ-ಒಂದರಲ್ಲಿ ತೂಗುಹಾಕಿತು. "ಹ್ಞಾ, ಅದೇ ಸರಿಯಾದ ಆನೆ," ಎಂದು ಹಿಂದೆ ಮೇಷ್ಟ್ರು ಬಿಳಿಯ ಆಟಗಾರನನ್ನು ಹೊಗಳಿದರು.

ಆಕೆ ಬೆನ್ನನ್ನು ಕುರ್ಚಿಯಿಂದ ಬಿಡಿಸಿ ನೆಟ್ಟಗೆ ಕೂತಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಗಂಟೆ ಇನ್ನೂ ಮೂರೂಕಾಲು. ಈ ಸುತ್ತು ಮುಗಿಯುವುದಕ್ಕೆ ಮೂರು ಗಂಟೆಯಾದರೂ ಬೇಕಿತ್ತು, ಇದಾದ ಮೇಲೆ ಇನ್ನೂ ಎರಡು ಸುತ್ತುಗಳಿದ್ದವು.